ಲವಂಗದ ವಾಸನೆಯ ಪುಟ್ಟ ಹೂವು

ಅಡುಗೆಮನೆಯ ಡಬ್ಬಿಯಿಂದ ಒಂದು ಲವಂಗ ತೆಗೆದುಕೊಳ್ಳಿ. ಅದರ ತುದಿಯ ಗುಂಡನ್ನು ಉಗುರಿನಿಂದ ಪುಡಿ ಮಾಡಿ ಮೂಸಿ ನೋಡಿ. ಆಮೇಲೆ ಅಂಗಳಕ್ಕೆ ಹೋಗಿ ಕೃಷ್ಣ ತುಳಸಿಯ ಎರಡು ಎಲೆ ಕಿವುಚಿ ಅದನ್ನೂ ಮೂಸಿ. ಎರಡೂ ಒಂದೇ ವಾಸನೆಯಲ್ಲ ನಿಜ. ಆದರೆ ತುಳಸಿಯ ಘಾಟಿನೊಳಗಿಂದ ಎಲ್ಲೋ ಲವಂಗ ಇಣುಕಿದಂತಾಗುತ್ತದೆ, ಅಲ್ಲವೇ? ನಿಮ್ಮ ಮೂಗು ಸರಿಯಾಗಿಯೇ ಹೇಳುತ್ತಿದೆ. ಎರಡರಲ್ಲೂ ಯೂಜಿನಾಲ್ ಎಂಬ ಒಂದೇ ವಸ್ತು ಇದೆ.

ಇದೇ ವಸ್ತುವನ್ನು ತಯಾರಿಸುವ ಇನ್ನೊಂದು ಗಿಡ ಇಂಗ್ಲೆಂಡಿನ ಹಳ್ಳಿಮನೆಗಳ ಕೈತೋಟದಲ್ಲಿದೆ. ಅದರ ಹೆಸರು ಪಿಂಕ್. ಇಲ್ಲಿ ಪಿಂಕ್ ಎಂದರೆ ಬಣ್ಣವಲ್ಲ, ಗಿಡ. ಬಿಳಿ ಹೂವಿನ ಪಿಂಕ್ ಕೂಡ ಉಂಟು, ಗಲಿಬಿಲಿಯಾಗಬೇಡಿ. ಜೂನ್ ತಿಂಗಳಲ್ಲಿ, ಅಲ್ಲಿ ಬೇಸಿಗೆ ಶುರುವಾಗುವ ಹೊತ್ತಿಗೆ, ಕಾಲುದಾರಿಯ ಎರಡೂ ಅಂಚಿನಲ್ಲಿ ಗೇಣುದ್ದದ ಈ ಗಿಡಗಳು ಮೈತುಂಬ ಹೂ ಬಿಡುತ್ತವೆ. ಬಿಸಿಲು ಏರಿ ಗಾಳಿ ನಿಂತರೆ ಸಾಕು, ದಾರಿಯಲ್ಲಿ ಹೋಗುವವರ ಮೂಗಿಗೆ ಲವಂಗ ಬಡಿಯುತ್ತದೆ.

ತಮಾಷೆಯೆಂದರೆ ಈ ಮೂರೂ ಗಿಡಗಳಿಗೆ ನೆಂಟಸ್ತಿಕೆಯೇ ಇಲ್ಲ. ಲವಂಗದ ಮರ ನಮ್ಮ ನೇರಳೆಯ ಬಳಗದ್ದು. ತುಳಸಿ ದೊಡ್ಡಪತ್ರೆಯ ಕುಟುಂಬದ್ದು. ಪಿಂಕ್ ಇವೆರಡಕ್ಕೂ ದೂರ. ಹೂಗುಚ್ಛಗಳಲ್ಲಿ ಸಿಕ್ಕಿಸುವ ಕಾರ್ನೇಷನ್ ಅದರ ಒಡಹುಟ್ಟು, ಅದೇ ಗುಚ್ಛದಲ್ಲಿ ಬಿಳಿ ಚುಕ್ಕಿಗಳ ಹಾಗೆ ಕಾಣುವ ಜಿಪ್ಸೊಫಿಲ ಅದರ ದಾಯಾದಿ. ಹಾಗಾದರೆ ಸಂಬಂಧವೇ ಇಲ್ಲದ ಮೂರು ಗಿಡಗಳು ಒಂದೇ ವಾಸನೆಯನ್ನು ಕಲಿತದ್ದು ಹೇಗೆ?

ಗಿಡಗಳ ಕಾಂಡ ನೆಟ್ಟಗೆ ನಿಲ್ಲುವುದು ಲಿಗ್ನಿನ್ ಎಂಬ ಗಟ್ಟಿ ವಸ್ತುವಿನಿಂದ. ಮರಕ್ಕೆ ಮರದ ಗಟ್ಟಿತನ ಬರುವುದೂ ಅದರಿಂದಲೇ. ಗಿಡ ಅದನ್ನು ಒಂದೇ ಏಟಿಗೆ ತಯಾರಿಸುವುದಿಲ್ಲ. ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಿಂದ ಶುರುಮಾಡಿ, ಒಂದೊಂದೇ ಹಂತದಲ್ಲಿ ಅದನ್ನು ತಿದ್ದುತ್ತಾ ಹೋಗುತ್ತದೆ. ಹಾದಿಯ ಕೊನೆಯ ಹತ್ತಿರ ಒಂದು ಕವಲು ಇದೆ. ಅಲ್ಲಿ ಕೆಲವು ಗಿಡಗಳು ಸ್ವಲ್ಪ ವಸ್ತುವನ್ನು ಬೇರೆ ಕಡೆ ತಿರುಗಿಸುತ್ತವೆ. ಆಗ ಹುಟ್ಟುವುದು ಯೂಜಿನಾಲ್: 10 ಇಂಗಾಲ, 12 ಹೈಡ್ರೋಜನ್, 2 ಆಮ್ಲಜನಕದ ಪುಟ್ಟ ಅಣು. ಮುಖ್ಯ ಹಾದಿ ಎಲ್ಲ ಹೂಗಿಡಗಳಲ್ಲೂ ಇದೆ. ಕವಲೊಡೆಯುವ ಉಪಾಯ ಮಾತ್ರ ಬೇಕಿತ್ತು. ಅದನ್ನು ಒಂದಲ್ಲ, ಹಲವು ಕುಟುಂಬಗಳ ಗಿಡಗಳು ಕಂಡುಕೊಂಡವು.

ಗಿಡಕ್ಕೆ ಇದರಿಂದ ಏನು ಲಾಭ? ಯೂಜಿನಾಲ್ ಕೆಲವು ಬೂಷ್ಟು, ಬ್ಯಾಕ್ಟೀರಿಯಾಗಳನ್ನು ಬೆಳೆಯಗೊಡುವುದಿಲ್ಲ. ಹಲ್ಲುನೋವು ಬಂದಾಗ ಅಜ್ಜಿ ಹಚ್ಚುವ ಲವಂಗದೆಣ್ಣೆಯಲ್ಲಿ ಬಹುಪಾಲು ಇದೇ ಇರುವುದು, ನೋವನ್ನೂ ಅದು ಮರಗಟ್ಟಿಸುತ್ತದೆ. ದಂತವೈದ್ಯರು ಹಲ್ಲಿಗೆ ತುಂಬುವ ಒಂದು ಬಗೆಯ ಗಾರೆಯಲ್ಲೂ ಯೂಜಿನಾಲ್ ಉಂಟು. ಹೂವಿನಲ್ಲಾದರೆ ಅದಕ್ಕೆ ಕೀಟಗಳನ್ನು ಕರೆಯುವ ಕೆಲಸ. ಕೀಟಗಳ ಮೂಗು ಇಂಥ ವಾಸನೆಗೆ ಎಷ್ಟು ಚುರುಕು ಎಂಬುದು ಕೋಲಾರ, ರಾಮನಗರದ ಕಡೆಯ ಮಕ್ಕಳಿಗೆ ಗೊತ್ತಿರಬಹುದು. ಮಾವಿನ ತೋಟಗಳಲ್ಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ನೇತುಹಾಕಿರುತ್ತಾರಲ್ಲ, ಅದರೊಳಗಿನ ಆಮಿಷ ಮೀಥೈಲ್ ಯೂಜಿನಾಲ್, ಯೂಜಿನಾಲಿನ ತಮ್ಮ. ಆ ವಾಸನೆ ಹಿಡಿದು ಹಣ್ಣುನೊಣದ ಗಂಡುಗಳು ಡಬ್ಬಿಗೆ ಬಂದು ಬೀಳುತ್ತವೆ.

ಪಿಂಕ್ ಹೂವಿಗೆ ಬೇಕಾದ ಅತಿಥಿಗಳು ನೊಣಗಳಲ್ಲ, ಚಿಟ್ಟೆ ಮತ್ತು ಪತಂಗಗಳು. ಹೂವಿನ ಬುಡವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಹಸಿರು ಪುಷ್ಪಪಾತ್ರೆ ಉದ್ದನೆಯ ಕೊಳವೆಯಾಗಿದೆ, ಮಕರಂದ ಇರುವುದು ಅದರ ತಳದಲ್ಲಿ. ಉದ್ದ ನಾಲಿಗೆಯವರಿಗಷ್ಟೇ ಊಟ. ಕಾಡು ಪಿಂಕ್‌ನಲ್ಲಿ ಐದು ದಳ, ಹತ್ತು ಕೇಸರ, ಎರಡು ಶಲಾಕೆ. ದಳದ ಅಂಚು ಕತ್ತರಿಸಿ ಜಾಲರಿ ಬಿಟ್ಟಂತಿರುತ್ತದೆ. ಮೊದಲು ಕೇಸರಗಳು ಹೊರಬಂದು ಪರಾಗ ಉದುರಿಸುತ್ತವೆ. ಅವು ಬಾಡಿದ ಮೇಲೆ ಶಲಾಕೆಗಳು ಉದ್ದವಾಗಿ ಪರಾಗ ಬೇಡುತ್ತವೆ. ತನ್ನ ಪರಾಗ ತನಗೇ ಬೀಳದಂತೆ ಹೂವು ಮಾಡಿಕೊಂಡಿರುವ ಏರ್ಪಾಡು ಇದು.

ತೋಟದ ಪಿಂಕ್‌ಗಳ ಕಾಡು ಪೂರ್ವಜ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಮಧ್ಯ ಯುರೋಪಿನ ಆಸ್ಟ್ರಿಯಾ, ಸ್ಲೊವೇನಿಯಾ ಕಡೆಯ ಸುಣ್ಣಕಲ್ಲಿನ ಬಂಡೆಗಳ ಮೇಲೆ. ಗಿಡದ ಸ್ವಭಾವವೆಲ್ಲ ಆ ಬಂಡೆಯಿಂದ ಬಂದದ್ದು. ಎಲೆಗಳು ಸೂಜಿಯಂತೆ ಸಪುರ, ಬಣ್ಣ ಬೂದಿ ಮಿಶ್ರಿತ ನೀಲಿ. ಹೆಬ್ಬೆರಳಿನಿಂದ ಉಜ್ಜಿದರೆ ಬೂದಿ ಅಳಿಸಿ ಒಳಗಿನ ಹಸಿರು ಕಾಣುತ್ತದೆ. ಅದು ಧೂಳಲ್ಲ, ಮೇಣ. ಎಲೆಕೋಸಿನ ಹೊರ ಎಲೆಯಲ್ಲೂ ಇಂಥದೇ ಮೇಣದ ಪುಡಿ ಇರುತ್ತದೆ, ಅದಕ್ಕೇ ಅದರ ಮೇಲೆ ನೀರು ಮುತ್ತಾಗಿ ಉರುಳುತ್ತದೆ. ಬಂಡೆಯ ಬಿರುಕಿನಲ್ಲಿ ನೀರು ನಿಲ್ಲುವುದಿಲ್ಲ, ಇದ್ದಷ್ಟನ್ನು ಗಿಡ ಕಾಪಾಡಿಕೊಳ್ಳಬೇಕು. ಮೇಣ ಆವಿಯಾಗುವುದನ್ನು ತಡೆಯುತ್ತದೆ, ಬಿಸಿಲನ್ನೂ ಒಂದಿಷ್ಟು ಹಿಂದಕ್ಕೆ ಕಳಿಸುತ್ತದೆ.

ಹಾಗಾಗಿ ಪಿಂಕ್ ಬೆಳೆಯುವವರು ಗಿಡವನ್ನು ಮುದ್ದು ಮಾಡುವುದಿಲ್ಲ. ದಿನವಿಡೀ ಬಿಸಿಲು, ನೀರು ಬಸಿದು ಹೋಗುವ ಮಣ್ಣು, ಅದರಲ್ಲಿ ಒಂದಿಷ್ಟು ಸುಣ್ಣ, ಅಷ್ಟೇ. ಗೊಬ್ಬರ ಸುರಿದರೆ ಎಲೆ ಹೆಚ್ಚಿ ಹೂ ಕಡಿಮೆಯಾಗುತ್ತದೆ. ದಕ್ಷಿಣ ಇಂಗ್ಲೆಂಡಿನ ಗುಡ್ಡಗಳಲ್ಲಿ ಮಣ್ಣಿನ ಕೆಳಗೆ ಸೀಮೆಸುಣ್ಣದ ಶಿಲೆಯೇ ಇದೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಸೂಕ್ಷ್ಮಜೀವಿಗಳ ಚಿಪ್ಪು ಶೇಖರವಾಗಿ ಆದ ಕಲ್ಲು ಅದು. ಅಂಥ ನೆಲವಿಲ್ಲದ ಊರಿನ ಜನ ಹಳೆಯ ಗೋಡೆ ಕೆಡವಿದಾಗ ಸಿಗುವ ಸುಣ್ಣದ ಗಾರೆಯನ್ನು ಪುಡಿಮಾಡಿ ಪಾತಿಗೆ ಬೆರೆಸುತ್ತಿದ್ದರು. ಪಾಳುಬಿದ್ದ ಹಳೆಯ ಕೋಟೆ, ಮಠಗಳ ಗೋಡೆಗಳ ಸಂದಿನಲ್ಲಿ ಪಿಂಕ್‌ಗಳು ತಾವಾಗಿಯೇ ಬೆಳೆದದ್ದೂ ಉಂಟು. ಹಿಮ ಬಿದ್ದರೂ ಈ ಗಿಡ ತಡೆಯುತ್ತದೆ. ಚಳಿಗಾಲದಲ್ಲಿ ಬೇರಿನ ಸುತ್ತ ನೀರು ನಿಂತರೆ ಮಾತ್ರ ಕೊಳೆತು ಸಾಯುತ್ತದೆ. ನಮ್ಮ ಕರಾವಳಿಯ ಮಳೆಗಾಲವನ್ನು ಅದಕ್ಕೆ ತೋರಿಸದಿರುವುದೇ ಒಳ್ಳೆಯದು!

ಲವಂಗದ ಬೆಲೆಯೂ ಈ ಗಿಡದ ಭಾಗ್ಯಕ್ಕೆ ಒಂದು ಕಾರಣ. ಹಿಂದೆ ಲವಂಗ ಬೆಳೆಯುತ್ತಿದ್ದುದು ಇಂಡೋನೇಷ್ಯಾದ ಮಲುಕು ದ್ವೀಪಗಳಲ್ಲಿ ಮಾತ್ರ. ಡಚ್ಚರು ಸಸಿಯೊಂದೂ ಹೊರಹೋಗದಂತೆ ಕಾಯುತ್ತಿದ್ದರು. 1770ರಲ್ಲಿ ಪಿಯೆರ್ ಪೊಯ್ವ್ರ್ ಎಂಬ ಫ್ರೆಂಚ್ ಅಧಿಕಾರಿ ಕಳ್ಳತನದಲ್ಲಿ ಸಸಿ ತರಿಸಿ ಮಾರಿಷಸ್‌ನಲ್ಲಿ ನೆಡಿಸಿದ ಮೇಲೆ ಆ ಕೋಟೆ ಒಡೆಯಿತು. ಅಲ್ಲಿಯವರೆಗೆ ಯುರೋಪಿನಲ್ಲಿ ಲವಂಗ ಉಳ್ಳವರ ಸರಕು. ಉಳಿದವರಿಗೆ ಹಿತ್ತಿಲೇ ಗತಿ. ಪಿಂಕ್ ಮತ್ತು ಕಾರ್ನೇಷನ್ ದಳಗಳನ್ನು ಬಿಡಿಸಿ, ಕಹಿಯಾದ ಬಿಳಿಯ ಬುಡ ಚಿವುಟಿ, ದ್ರಾಕ್ಷಾರಸಕ್ಕೂ ಸಕ್ಕರೆ ಪಾಕಕ್ಕೂ ಹಾಕುತ್ತಿದ್ದರು. ಅಣು ಒಂದೇ ಆದ ಮೇಲೆ ಅದು ದ್ವೀಪದ ಮರದಿಂದ ಬಂದರೇನು, ಬಾಗಿಲ ಮುಂದಿನ ಹೂವಿನಿಂದ ಬಂದರೇನು?

ಈ ಹಳೆಯ ಪಿಂಕ್‌ಗಳಲ್ಲಿ ಹೆಚ್ಚು ಹೆಸರಾದದ್ದು ‘ಮಿಸೆಸ್ ಸಿಂಕಿನ್ಸ್’. 19ನೇ ಶತಮಾನದಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಊರಿನಲ್ಲಿ, ದಿಕ್ಕಿಲ್ಲದ ಬಡವರನ್ನು ಇರಿಸಿ ದುಡಿಸುತ್ತಿದ್ದ ವರ್ಕ್‌ಹೌಸ್ ಒಂದಿತ್ತು. ಅದರ ಮೇಲ್ವಿಚಾರಕ ಸಿಂಕಿನ್ಸ್ ಈ ತಳಿಯನ್ನು ಬೆಳೆಸಿ ಹೆಂಡತಿಯ ಹೆಸರಿಟ್ಟ. ಮುಂದೆ ಈ ಹೂವು ಸ್ಲೌ ಊರಿನ ಲಾಂಛನಕ್ಕೂ ಏರಿತು.

ಮಿಸೆಸ್ ಸಿಂಕಿನ್ಸ್ ಬಿಳಿಯ ಹೂವು. ದಳಗಳು ಐದಲ್ಲ, ತುರುಕಿಟ್ಟಷ್ಟು. ಕೊಳವೆಯಲ್ಲಿ ಹಿಡಿಸಲಾರದೆ ಪುಷ್ಪಪಾತ್ರೆ ಒಂದು ಪಕ್ಕಕ್ಕೆ ಸೀಳಿ, ಹೂವು ಕೆದರಿದ ತಲೆಯಂತಾಗುತ್ತದೆ. ಪ್ರದರ್ಶನದ ತೀರ್ಪುಗಾರರಿಗೆ ಅದು ದೋಷ. ನನಗಂತೂ ಆ ಕೆದರಿದ ತಲೆಯೇ ಇಷ್ಟ, ಏಕೆಂದರೆ ಅದರಲ್ಲೊಂದು ಪಾಠ ಅಡಗಿದೆ. ಇಷ್ಟೊಂದು ದಳಗಳು ಎಲ್ಲಿಂದ ಬಂದವು? ಹೂವಿನ ಮೊಗ್ಗು ತೀರಾ ಚಿಕ್ಕದಿರುವಾಗ, ಯಾವ ಸುತ್ತಿನಲ್ಲಿ ಏನು ಬೆಳೆಯಬೇಕು ಎಂದು ಕೆಲವು ಜೀನ್‌ಗಳು ತೀರ್ಮಾನಿಸುತ್ತವೆ. ‘ಇಲ್ಲಿ ಕೇಸರ’ ಎನ್ನುವ ಜೀನ್ ಕೆಲಸ ತಪ್ಪಿದರೆ ಅಲ್ಲಿ ಕೇಸರದ ಬದಲು ದಳ ಬೆಳೆಯುತ್ತದೆ. ಸುತ್ತುಸುತ್ತಿನ ಗುಲಾಬಿ, ಗೊಂಡೆಯಂಥ ದಾಸವಾಳಗಳ ಹಿಂದೆಯೂ ಹೆಚ್ಚಾಗಿ ಇಂಥ ತಪ್ಪೇ ಇದೆ. ಕಾಡಿನಲ್ಲಾಗಿದ್ದರೆ ಪರಾಗ ಕಳೆದುಕೊಂಡ ಹೂವು ಬಹುಕಾಲ ಉಳಿಯುತ್ತಿರಲಿಲ್ಲ. ತೋಟದಲ್ಲಿ ಮನುಷ್ಯ ಅದನ್ನೇ ಆರಿಸಿದ.

ಆರಿಸಿದವನೇ ಉಳಿಸಬೇಕಲ್ಲ? ಇಂಥ ಹೂವಿನಲ್ಲಿ ಬೀಜ ಅಪರೂಪ. ಕಟ್ಟಿದರೂ ಮರಿಗಳು ತಾಯಿಯಂತಿರುತ್ತವೆಂಬ ಖಾತ್ರಿಯಿಲ್ಲ. ಅದಕ್ಕೆ ತುದಿ ಎಳೆದು ನೆಡುವ ಉಪಾಯ. ಜೂನ್, ಜುಲೈಯಲ್ಲಿ ಹೂವಿಲ್ಲದ ಒಂದು ಚಿಗುರನ್ನು ಹುಡುಕಿ, ಕೆಳಗೆ ಒಂದು ಕೈಯಲ್ಲಿ ಹಿಡಿದು ತುದಿಯನ್ನು ಮೇಲಕ್ಕೆ ಎಳೆಯಬೇಕು. ನೀವು ಹುಲ್ಲಿನ ತೆನೆ ಎಳೆದಾಗ ಕಡ್ಡಿ ಒರೆಯಿಂದ ಸರಕ್ಕನೆ ಬರುತ್ತದಲ್ಲ, ಹಾಗೆ ಅದು ಗಿಣ್ಣಿನ ಬಳಿ ಕಳಚಿ ಕೈಗೆ ಬರುತ್ತದೆ. ಕತ್ತರಿ ಬೇಡ, ಚಾಕು ಬೇಡ. ಮರಳು ಬೆರೆಸಿದ ಮಣ್ಣಿನಲ್ಲಿ ಚುಚ್ಚಿ ನೆರಳಲ್ಲಿಟ್ಟರೆ ಮೂರು ನಾಲ್ಕು ವಾರಕ್ಕೆ ಬೇರು. ಗಿಣ್ಣಿನ ಸುತ್ತಲಿನ ಕೆಲವು ಕೋಶಗಳಿಗೆ ತಮ್ಮ ಕೆಲಸ ಬದಲಿಸುವ ಶಕ್ತಿ ಇದೆ. ತುದಿಯಿಂದ ಇಳಿದುಬರುವ ಆಕ್ಸಿನ್ ಎಂಬ ಹಾರ್ಮೋನು ತುಂಡಾದ ಜಾಗದಲ್ಲಿ ಶೇಖರವಾಗುತ್ತದೆ. ಬೇರಾಗಲು ಆ ಕೋಶಗಳಿಗೆ ಸೂಚನೆ ಕೊಡುವುದು ಅದೇ.

ಹೀಗೆ ಬೆಳೆದದ್ದು ಮರಿಯಲ್ಲ, ಅದೇ ಗಿಡದ ತುಂಡು. ಮೂರು ನಾಲ್ಕು ವರ್ಷಕ್ಕೆ ಹಳೆಯ ಪಿಂಕ್ ಬುಡ ಬೋಳಾಗಿ ಸೊರಗುತ್ತದೆ, ಅಷ್ಟರಲ್ಲಿ ಅದರ ತುದಿಗಳು ಹೊಸ ಪಾತಿಯಲ್ಲಿ ಬೇರೂರಿರುತ್ತವೆ. ಇಂದು ಎಲ್ಲೆಲ್ಲಿ ನಿಜವಾದ ಮಿಸೆಸ್ ಸಿಂಕಿನ್ಸ್ ಇದೆಯೋ ಅದೆಲ್ಲ ಸ್ಲೌನ ಆ ಒಂದು ಗಿಡವೇ, ನೆರೆಮನೆಯಿಂದ ನೆರೆಮನೆಗೆ ದಾಟುತ್ತಾ ಬಂದದ್ದು.

ಹೊಸ ತಳಿ ಬೇಕಾದರೆ ಮಾತ್ರ ಬೀಜದ ದಾರಿ ಹಿಡಿಯಬೇಕು. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಪೇಯ್ಸ್ಲಿ ಊರಿನ ನೇಕಾರರು ಅದರಲ್ಲಿ ಕೈಪಳಗಿದವರು. ಬಿಳಿ ದಳಕ್ಕೆ ಕಡುಗೆಂಪಿನ ಕಣ್ಣು, ಅಂಚಿಗೆ ಅದೇ ಬಣ್ಣದ ಸಪುರ ಕಟ್ಟು ಇರುವ ಪಿಂಕ್‌ಗಳನ್ನು ಅವರು ಆರಿಸಿ ಆರಿಸಿ ಬೆಳೆಸಿದರು. ಸೀರೆಯ ಅಂಚು ನೆನಪಾಯಿತೇ? ಮುಂದೆ ಇದೇ ಊರಿನ ಮಗ್ಗಗಳಲ್ಲಿ ಕಾಶ್ಮೀರಿ ಶಾಲಿನ ಮಾವಿನಕಾಯಿ ಬುಟ್ಟಾವನ್ನು ನಕಲಿಳಿಸಿ ನೇಯ್ದರು. ಆ ಚಿತ್ತಾರಕ್ಕೆ ಜಗತ್ತು ಪೇಯ್ಸ್ಲಿ ಎಂದೇ ಹೆಸರಿಟ್ಟಿತು, ಕಾಶ್ಮೀರದ ಪಾಲು ಮರೆತುಹೋಯಿತು.

ಬೇರೆ ಜಾತಿಗಳನ್ನು ಕೂಡಿಸಿದ ಸಾಹಸ ಅದಕ್ಕೂ ಹಳೆಯದು. ಲಂಡನ್ ಅಂಚಿನ ಹಾಕ್ಸ್‌ಟನ್‌ನಲ್ಲಿ ಥಾಮಸ್ ಫೇರ್‌ಚೈಲ್ಡ್ ಎಂಬ ಸಸಿ ವ್ಯಾಪಾರಿಯಿದ್ದ. 1717ರ ಹೊತ್ತಿಗೆ ಅವನು ಪಿಂಕ್‌ನ ಬಳಗದ್ದೇ ಆದ ಸ್ವೀಟ್ ವಿಲಿಯಂನ ಪರಾಗವನ್ನು ಕಾರ್ನೇಷನ್ ಹೂವಿಗೆ ಸೋಕಿಸಿದ. ಹುಟ್ಟಿದ ಗಿಡ ಎರಡನ್ನೂ ಹೋಲುತ್ತಿತ್ತು, ಆದರೆ ಬೀಜ ಬಿಡಲಿಲ್ಲ. ಕತ್ತೆಗೂ ಕುದುರೆಗೂ ಹುಟ್ಟುವ ಹೇಸರಗತ್ತೆ ಮರಿ ಹಾಕುವುದಿಲ್ಲವಲ್ಲ, ಹಾಗಾಗಿ ಜನ ಅದನ್ನು ‘ಫೇರ್‌ಚೈಲ್ಡನ ಹೇಸರಗತ್ತೆ’ ಎಂದರು. ಮನುಷ್ಯ ಬೇಕೆಂದೇ ಮಾಡಿದ ಮೊದಲ ಮಿಶ್ರತಳಿ ಸಸ್ಯವೆಂದು ಅದಕ್ಕೆ ಹೆಸರು. ಗಿಡಗಳಲ್ಲಿ ಗಂಡು ಹೆಣ್ಣು ಇದೆ ಎನ್ನುವುದೇ ಆಗ ಹೊಸ ಮಾತು. ದೇವರ ಸೃಷ್ಟಿಯಲ್ಲಿ ಕೈಯಾಡಿಸಿದೆನೆಂಬ ಅಳುಕು ಅವನಿಗಿತ್ತು ಎನ್ನುತ್ತಾರೆ. ಸೃಷ್ಟಿಯ ಅದ್ಭುತಗಳ ಬಗ್ಗೆ ವರ್ಷಕ್ಕೊಮ್ಮೆ ಚರ್ಚಿನಲ್ಲಿ ಪ್ರವಚನ ನಡೆಯಲೆಂದು ಅವನು ಉಯಿಲಿನಲ್ಲಿ 25 ಪೌಂಡ್ ಬಿಟ್ಟುಹೋದದ್ದಂತೂ ನಿಜ. ಆ ಗಿಡದ ಒಣಗಿಸಿದ ಮಾದರಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಸ್ಯಸಂಗ್ರಹದಲ್ಲಿದೆ.

20ನೇ ಶತಮಾನದ ಆರಂಭದಲ್ಲಿ ಸಸೆಕ್ಸ್‌ನ ಮಾಂಟೆಗು ಆಲ್‌ವುಡ್ ಹಳೆಯ ಪಿಂಕ್ ಮತ್ತು ಸದಾ ಹೂ ಬಿಡುವ ಕಾರ್ನೇಷನ್ ಎರಡನ್ನೂ ಕೂಡಿಸಿದ. ಹಳೆಯವು ಜೂನ್ ಸುಮಾರಿಗೆ ಒಮ್ಮೆ ಅರಳಿ ಮುಗಿಸುತ್ತಿದ್ದರೆ, ಅವನ ಹೊಸವು ಬೇಸಿಗೆಯುದ್ದಕ್ಕೂ ಮತ್ತೆ ಮತ್ತೆ ಅರಳಿದವು.

ಬೆಂಗಳೂರಿನ ಸುತ್ತಲಿನ ಪಾಲಿಹೌಸ್‌ಗಳಲ್ಲಿ ಬೆಳೆಯುವ ಕಾರ್ನೇಷನ್ ಈ ಬಳಗದ್ದೇ. ಹೂವಿನಂಗಡಿಯಲ್ಲಿ ಕಂಡರೆ ಮೂಸಿ ನೋಡಿ, ಬಹುಶಃ ಲವಂಗ ಸಿಗದು. ನೀರಲ್ಲಿಟ್ಟರೆ ಹೆಚ್ಚು ದಿನ ಬಾಡದ, ಉದ್ದ ಕಾಂಡದ ಹೂವನ್ನೇ ಆರಿಸುತ್ತಾ ಬಂದವರು ವಾಸನೆಯ ಕಡೆ ಅಷ್ಟು ಗಮನ ಕೊಡಲಿಲ್ಲ. ಬಾಡಿದ ಹೂವೊಂದನ್ನು ಅಂಗಡಿಯವರನ್ನು ಕೇಳಿ ತನ್ನಿ. ಪುಷ್ಪಪಾತ್ರೆ ಸೀಳಿ, ದಳಗಳನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಬಿಡಿಸಿ ಕಾಗದದ ಮೇಲೆ ಸಾಲಾಗಿ ಇಡಿ. ಮಧ್ಯಕ್ಕೆ ಬಂದಂತೆ ದಳ ಸಣ್ಣದಾಗಿ ಸೊಟ್ಟಗಾಗುತ್ತದೆ. ಅದೃಷ್ಟವಿದ್ದರೆ ಅರ್ಧ ದಳ, ಅರ್ಧ ಕೇಸರ ಆಗಿರುವಂಥದ್ದೊಂದು ಸಿಗುತ್ತದೆ, ಅಂಚಿನಲ್ಲಿ ಪರಾಗದ ಪುಟ್ಟ ಚೀಲ ಅಂಟಿಕೊಂಡಿರುತ್ತದೆ. ಭೂತಗನ್ನಡಿ ಇದ್ದರೆ ಹತ್ತಿರ ಇಟ್ಟುಕೊಳ್ಳಿ.