ನಮ್ಮ ಜವಾರಿ ಎಲ್ಲಿಂದ ಬಂತು?

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹೋದ ವಾರ್ಷಿಕ ಸಭೆಯಲ್ಲಿ ಹೊಸ ಬೀಜದ ಮಾತು ಬಂದಾಗ ಹಿರಿಯರೊಬ್ಬರು ಎದ್ದು, "ಹೊರಗಿಂದು ನಮಗ್ಯಾಕ ಬೇಕೋ ತಮ್ಮಾ, ನಮ್ಮ ಜವಾರಿನ ಇರಲಿ" ಅಂದರು. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಇವತ್ತು ಹೇಳ್ತೀನಿ, ಕಾಕಾ ಅವರು ಮುಂದೇ ಕುಂತಾರ.

ನಮ್ಮ ಊಟದ ತಾಟನ್ನೇ ನೋಡ್ರಿ. ಬದನೆಕಾಯಿ ನಮ್ಮ ದೇಶದ್ದು, ಖರೆ. ಜೋಳ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದು. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕದ್ದೇ. 1510ರಲ್ಲಿ ಗೋವಾ ಹಿಡಿದ ಪೋರ್ತುಗೀಜರ ಹಡಗಿನಲ್ಲಿ ಈ ಕಡೆ ಬಂತು. ಅದಕ್ಕೂ ಮೊದಲು ಖಾರಕ್ಕೆ ಕರಿಮೆಣಸೇ ಗತಿ. ಹೊಸ ಕಾಯಿಗೂ ನಮ್ಮವರು ಅದೇ ಹೆಸರು ಹಚ್ಚಿದರು. ಈಗ ಬ್ಯಾಡಗಿ ಕಾಯಿ ಪರದೇಶದ್ದು ಅಂದರೆ ಯಾರು ನಂಬ್ತಾರ?

ಆದರೆ ಕಾಕಾ ಅವರ ಅಂಜಿಕೆ ಸುಳ್ಳಲ್ಲ. ಅಮೆರಿಕದಿಂದ ಹೋದ ಆಲೂಗಡ್ಡೆಯೊಂದನ್ನೇ ಐರ್ಲೆಂಡಿನ ಬಡವರು ನಂಬಿದ್ದರು. 1845ರಿಂದ ರೋಗ ಬಿದ್ದು ಬೆಳೆ ಕೊಳೆತಾಗ ಸುಮಾರು ಹತ್ತು ಲಕ್ಷ ಜನ ಸತ್ತರು.

ಹತ್ತಿಯದು ನಮ್ಮದೇ ಕಥೆ. ಜವಾರಿ ಹತ್ತಿಯ ಎಳೆ ಗಿಡ್ಡ, ಇಂಗ್ಲೆಂಡಿನ ಮಿಲ್ಲುಗಳಿಗೆ ಉದ್ದ ಎಳೆ ಬೇಕಿತ್ತು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನು ಈ ಭಾಗದಲ್ಲಿ ಬಿತ್ತಿಸಿತು. ಬೇರೆ ಕಡೆ ಸರಿಯಾಗಿ ಹತ್ತದ ಬೀಜ ನಮ್ಮ ಜಿಲ್ಲೆಯಲ್ಲಿ ಹತ್ತಿತು. 'ಧಾರವಾಡ ಅಮೇರಿಕನ್' ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿ ರೇಟು ಏರಿತು. ರೇಟು ಏರಿದ ಕೂಡಲೇ ಕಲಬೆರಕೆಯೂ ಏರಿತು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯಲು ಕಾಯ್ದೆಯನ್ನೇ ಮಾಡಬೇಕಾಯಿತು. ತೂಕದ ಮುಂದೆ ನಿಂತವರಿಗೆಲ್ಲ ಇದು ತಿಳಿದ ಮಾತೇ, ಹೆಚ್ಚು ಹೇಳುವುದಿಲ್ಲ.

ಮುಂದೆ 1972ರಲ್ಲಿ ಧಾರವಾಡದಲ್ಲೇ ಡಾ. ಕಟರಕಿಯವರು, ಅಮೇರಿಕನ್ ಕುಲದ ಲಕ್ಷ್ಮೀ ಹತ್ತಿಗೆ ಉದ್ದ ಎಳೆಯ ಇನ್ನೊಂದು ಪರದೇಶಿ ಜಾತಿಯನ್ನು ಕೂಡಿಸಿ ವರಲಕ್ಷ್ಮೀ ಹೈಬ್ರಿಡ್ ತಂದರು. ಇಳುವರಿ ಬಂತು. ಆದರೆ ಹೈಬ್ರಿಡ್ ಬೀಜ ಹಗೇವಿನಾಗ ಇಟ್ಟು ಮರುವರ್ಷ ಬಿತ್ತಿದರೆ ಮೊದಲಿನ ಬೆಳೆ ಬರುವುದಿಲ್ಲ. ವರ್ಷಾ ವರ್ಷಾ ಕೊಳ್ಳಬೇಕು, ಔಷಧ ಬೇಕು, ರೊಕ್ಕ ಬೇಕು. ಮಳೆ ಕೈಕೊಟ್ಟರೆ ಸಾಲ ಉಳಿಯಿತು.

ಸಾಲ ಅಂದೊಡನೆ ನಮ್ಮ ಸಂಘದ ಮಾತು. ಇದೂ ಹೊರಗಿನ ಬೀಜವೇ. ಜರ್ಮನಿಯಲ್ಲಿ ರೈಫೈಸನ್ ಎಂಬವರು ರೈತರಿಗಾಗಿ ಹಳ್ಳಿ ಸಾಲದ ಸಂಘ ಕಟ್ಟಿದರು. ನಮ್ಮಲ್ಲಿ 1904ರಲ್ಲಿ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಅಣ್ಣಿಗೇರಿ ದಾಟಿ ಗದಗಿನ ಮಗ್ಗಲಿಗಿರುವ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಆಗ ಅದು ನಮ್ಮ ಧಾರವಾಡ ಜಿಲ್ಲೆಯೇ.

ಅದಕ್ಕೇ ಕಾಕಾ, ಹೊರಗಿಂದು ಬ್ಯಾಡ ಅನ್ನಬ್ಯಾಡ್ರಿ. ನಮ್ಮ ಎರಿ ಹೊಲದಲ್ಲಿ ಕಡಿಮೆ ಖರ್ಚಿನಲ್ಲಿ ತಡೆಯುವ ಜಯಧರ ಹತ್ತಿ, ಬಿಳಿಜೋಳದ ಬೀಜವನ್ನೂ ಸಂಘದ ಗೋದಾಮಿನಲ್ಲಿ ಹೊಸ ಬೀಜದ ಜೋಡಿ ಇಡಬೇಕೆಂದು ಮುಂದಿನ ಸಭೆಗೆ ಠರಾವು ತರ್ತೀನಿ. ಸೂಚಕ ನಾನು, ಅನುಮೋದಕರು ನೀವಾಗ್ರಿ.