ಪಟ್ಟಿಯ ಕೊನೆಯ ಸಾಲು

ಮೂರು ದಿನಗಳ ರಜೆ ಒಟ್ಟಾಗಿ ಒದಗಿಬಂದ ಮೊನ್ನೆಯ ಶನಿವಾರ, ಪುಣಜನೂರಿನ ಚೆಕ್‌ಪೋಸ್ಟಿನ ಮುಂದೆ, ಬೆಳಗಿನ ಆರು ಗಂಟೆ ಇನ್ನೂ ಆಗದಿರುವಾಗಲೇ ಕಾರುಗಳ ಸಾಲು ಬೆಳೆದಿತ್ತು. ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2022ರ ಫೆಬ್ರವರಿಯಿಂದ ದಿಂಬಂ ಘಟ್ಟದ ರಸ್ತೆಯಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧವುಂಟಷ್ಟೆ; ನಡುರಾತ್ರಿ ಬೆಂಗಳೂರು ಬಿಟ್ಟವರು, ಮೈಸೂರಿನಿಂದ ಬಂದವರು, ನಮ್ಮ ಚಾಮರಾಜನಗರದವರು, ಎಲ್ಲರೂ ಅಲ್ಲಿ ಸಮಾನರಾಗಿ ಆಕಳಿಸುತ್ತ ನಿಂತಿದ್ದರು. ಆ ಸಾಲಿನಲ್ಲಿ ನಮ್ಮ ಬೀದಿಯ ಗೃಹಸ್ಥರೊಬ್ಬರ ಕಾರೂ ಇದ್ದು, ಹಾಸನೂರಿನಲ್ಲಿ ಇಳಿಯಬೇಕಾಗಿದ್ದ ನಾನು ಅದರ ಹಿಂದಿನ ಆಸನದಲ್ಲಿ ಕುಳಿತಿದ್ದೆ. ಅವರ ಸಂಸಾರ ಹೊರಟಿದ್ದುದು ಕೊಯಮತ್ತೂರನ್ನು ನೋಡುವುದಕ್ಕೆ.

ನೋಡಬೇಕಾದುದರ ಪಟ್ಟಿಯನ್ನು ಕಾಲೇಜಿಗೆ ಹೋಗುವ ಮಗಳು ಒಂದು ಹಾಳೆಯಲ್ಲಿ ಬರೆದಿದ್ದಳು. ಮರುದಮಲೈ, ಪೇರೂರಿನ ಪಟ್ಟೀಶ್ವರನ ದೇವಾಲಯ, 1902ರಲ್ಲಿ ಸ್ಥಾಪನೆಯಾದ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯ, ಜಿ. ಡಿ. ನಾಯ್ಡು ಅವರ ಯಂತ್ರಗಳ ಪ್ರದರ್ಶನಾಲಯ, ಬಳಿಕ ಒಂದು ಮಾಲ್. ಎಲ್ಲವೂ ಅಂದವಾದ ಅಕ್ಷರಗಳಲ್ಲಿ, ಎದುರಿಗೆ ವೇಳೆಯೊಡನೆ ನಮೂದಾಗಿದ್ದವು. ಅವುಗಳ ಕೆಳಗೆ, ಬೇರೊಂದು ಕೈಯಿಂದ, ಗುಂಡಗಿನ ಹಳೆಯ ಬರವಣಿಗೆಯಲ್ಲಿ ಇನ್ನೊಂದು ಸಾಲಿತ್ತು: ಗ್ರೈಂಡರಿನ ಬೆಲ್ಟು. ಅದು ಅಜ್ಜಿಯವರು ಸೇರಿಸಿದ್ದು. ಬೆನ್ನಿನ ಮೇಲೆ ಬಿರುಕುಬಿಟ್ಟ, ಒಳಬದಿಗೆ ದೋಸೆಹಿಟ್ಟು ಒಣಗಿ ಅಂಟಿಕೊಂಡಿದ್ದ ಹಳೆಯ ಬೆಲ್ಟನ್ನು ಅಳತೆಗೆಂದು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಳುಹಿಸಿದ್ದರು. “ಬೆಲ್ಟ್ ಮರೀಬ್ಯಾಡ ಕನಪ್ಪ, ಮಿಕ್ಕಿದ್ದೇನ್ ಎಲ್ಲೂ ಓಗಲ್ಲ, ಅಲ್ಲೇ ಇರ್ತದ” ಎಂದು ಹೊರಡುವಾಗ ಮಗನಿಗೆ ಅವರು ಹೇಳಿದ್ದನ್ನು ಸೊಸೆ ದಾರಿಯಲ್ಲಿ ನಗುತ್ತ ಅನುಕರಿಸಿ ತೋರಿಸಿದರು.

ಮೂರನೆಯ ದಿನದ ಸಂಜೆ ಹಿಂದಿರುಗಿದವರನ್ನು ವಿಚಾರಿಸಿದಾಗ ನನಗೊಂದು ವಿನೋದ ಕಂಡಿತು. ದೇವಾಲಯಗಳೆರಡೂ ಎರಡು ವಾಕ್ಯಗಳಲ್ಲಿ ಮುಗಿದುವು. ಮಾಲಿಗೆ ಅರ್ಧ ವಾಕ್ಯವೂ ದೊರೆಯಲಿಲ್ಲ. ಬೆಲ್ಟಿನ ವೃತ್ತಾಂತವಾದರೋ ಕಾಫಿ ಆರಿದ ಮೇಲೂ ಮುಂದುವರಿದೇ ಇತ್ತು. ಭಾನುವಾರವಾದುದರಿಂದ ಮುಚ್ಚಿದ್ದ ಅಂಗಡಿಗಳು, ಒಬ್ಬರು ಇನ್ನೊಬ್ಬರ ಕಡೆಗೆ ಕೈತೋರಿಸಿದ್ದು, ಕೊನೆಗೆ ಒಂದು ಸಂದಿಯಲ್ಲಿ ಅರ್ಧ ಬಾಗಿಲು ತೆರೆದು ಕುಳಿತಿದ್ದ ವೃದ್ಧ ಮೆಕ್ಯಾನಿಕ್ಕು; ಆತ ಬೆಲ್ಟನ್ನು ಹೆಬ್ಬೆರಳಿನಿಂದ ಉಜ್ಜಿ, ಅಳಿಸಿಹೋಗಿದ್ದ ಸಂಖ್ಯೆಯನ್ನು ಬೆಳಕಿಗೆ ಹಿಡಿದು ಓದಿ, ಬೆಲ್ಟು ಒಂದೇ ಕಡೆ ಸವೆದಿರುವುದರಿಂದ ದೋಷ ಬೆಲ್ಟಿನದಲ್ಲ, ಮೋಟಾರು ಓರೆಯಾಗಿ ಕುಳಿತಿದೆ ಎಂದು ಕಾಣದ ಗ್ರೈಂಡರಿಗೆ ರೋಗನಿದಾನ ಮಾಡಿದ್ದು; ಇವರ ಮುರುಕು ತಮಿಳನ್ನು ಕೇಳಿ ಕೇಳಿ ಬೇಸತ್ತ ಆತನ ಪತ್ನಿ, ಒಳಗಿನಿಂದ ಬಂದು, ನಮ್ಮದಕ್ಕಿಂತ ಹಳೆಯದೆನಿಸುವ ಕನ್ನಡದಲ್ಲಿ “ಯಾವೂರಾಯ್ತು” ಎಂದು ಕೇಳಿದ್ದು. ಅವರು ದೇವಾಂಗದವರು. ಎಷ್ಟೋ ತಲೆಮಾರುಗಳ ಹಿಂದೆ ಮಗ್ಗಗಳೊಡನೆ ಘಟ್ಟವಿಳಿದು ಹೋದ ಆ ನೇಕಾರರ ಅನೇಕ ಮನೆಗಳಲ್ಲಿ ಇಂದಿಗೂ ಮನೆಮಾತು ಕನ್ನಡವೇ.

ಆ ಊರಿನಲ್ಲಿ ಇಷ್ಟೊಂದು ಮೋಟಾರು, ಇಷ್ಟೊಂದು ಪಂಪ್‌ಸೆಟ್ಟು, ಇಷ್ಟೊಂದು ಗ್ರೈಂಡರು ಏಕೆಂದು ಮಗಳು ಆತನನ್ನೇ ಕೇಳಿದಳಂತೆ. ಆತ ಹೇಳಿದುದರ ಸಾರ ಇತಿಹಾಸದ ಪುಸ್ತಕದಲ್ಲಿರುವುದಕ್ಕಿಂತ ಬೇರೆಯೇನಲ್ಲ. ಸುತ್ತಲ ಕಪ್ಪುನೆಲದಲ್ಲಿ ಹತ್ತಿ ಬೆಳೆಯುತ್ತಿತ್ತು; 1888ರಲ್ಲಿ ಸ್ಟೇನ್ಸ್ ಎಂಬ ಆಂಗ್ಲ ವರ್ತಕ ನೂಲಿನ ಗಿರಣಿಯನ್ನು ಹೂಡಿದ; 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ತು ಇಳಿದುಬಂದೊಡನೆ ಗಿರಣಿಗಳು ಹೆಚ್ಚಿದುವು; ಕೆಟ್ಟ ಯಂತ್ರಗಳನ್ನು ದುರಸ್ತಿ ಮಾಡುವುದಕ್ಕೆ ಹುಟ್ಟಿದ ಕಾರ್ಖಾನೆಗಳು ತಾವೇ ಯಂತ್ರಗಳನ್ನು ಮಾಡತೊಡಗಿ, ಆಳದ ಬಾವಿಗಳಿಂದ ನೀರೆತ್ತುವ ಪಂಪುಗಳನ್ನೂ ಅಕ್ಕಿಯುದ್ದು ರುಬ್ಬುವ ಕಲ್ಲುಗಳನ್ನೂ ನಮ್ಮ ಜಿಲ್ಲೆಯ ಮನೆಮನೆಗೆ, ಹೊಲಹೊಲಕ್ಕೆ ಕಳುಹಿಸಿದುವು. ಕೊಯಮತ್ತೂರಿನ ಗ್ರೈಂಡರಿಗೆ ಈಗ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಇದೆ. ಇವೆಲ್ಲವನ್ನೂ ಆ ಹುಡುಗಿ ಪ್ರದರ್ಶನಾಲಯದ ಫಲಕಗಳಲ್ಲಿಯೂ ಓದಿದ್ದಳು; ನನಗೆ ಒಪ್ಪಿಸಿದುದು ಮಾತ್ರ ಮೆಕ್ಯಾನಿಕ್ಕಿನಿಂದ ಕೇಳಿದುದನ್ನು.

ಯೋಚಿಸಿದರೆ, ಈ ದಾರಿಯಲ್ಲಿ ಕೇವಲ ನೋಡುವುದಕ್ಕಾಗಿ ಹೋಗುವ ಪದ್ಧತಿ ತೀರ ಇತ್ತೀಚಿನದು. ಟಿಪ್ಪು ಸುಲ್ತಾನ 1790ರಲ್ಲಿ ಸನಿಹದ ಗಜಲಹಟ್ಟಿ ಕಣಿವೆಯನ್ನಿಳಿದು ಸತ್ಯಮಂಗಲಕ್ಕೆ ಹೋದದ್ದು ಯುದ್ಧದ ಕಾರ್ಯಕ್ಕೆ. ಇನ್ನು ಕೊಳ್ಳೇಗಾಲದವರ ಕಥೆ ಬೇರೆಯೇ. ಇಂದು ನಮ್ಮದೇ ಜಿಲ್ಲೆಯ ಭಾಗವಾಗಿರುವ ಆ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿ, ಕೊಯಮತ್ತೂರು ಜಿಲ್ಲೆಯ ಅಂಗವಾಗಿತ್ತು; ಪುಣಜನೂರಿನ ಈಚೆಗೆ ಮೈಸೂರು, ಆಚೆಗೆ ಮದರಾಸಿನ ಸೀಮೆ. ಆದ್ದರಿಂದ ಕೊಳ್ಳೇಗಾಲದ ರೈತನಿಗೆ ಜಮೀನಿನ ತಕರಾರು ಕಲೆಕ್ಟರರವರೆಗೆ ಹೋಯಿತೆಂದರೆ ಬುತ್ತಿ ಕಟ್ಟಿಕೊಂಡು, ಕಾಡು ಹಾದು, ದಿಂಬಂ ಇಳಿದು, ಬಣ್ಣಾರಿಯಮ್ಮನಿಗೆ ಕೈಮುಗಿದು, ಆ ಪಟ್ಟಣವನ್ನು ಸೇರದೆ ಗತ್ಯಂತರವಿರಲಿಲ್ಲ. ಛತ್ರವೆಲ್ಲಿ, ಅರ್ಜಿ ಬರೆಯುವವನಾರು, ಕನ್ನಡ ಬಲ್ಲ ಗುಮಾಸ್ತನಾರು ಎಂದು ಕೇಳಿ ಕೇಳಿಯೇ ಆತ ಆ ಊರನ್ನು ಅರಿತಿರಬೇಕು.

ಈಗಲೂ ಆ ಹಾದಿಯಲ್ಲಿ ನಿಷ್ಠೆಯಿಂದ ಕಾರ್ಯನಿಮಿತ್ತವಾಗಿಯೇ ನಿಲ್ಲುವವರು, ಹಾಸನೂರಿನ ಸುತ್ತಿನ ಆನೆಗಳು. ಇತ್ತ ಬಿಳಿಗಿರಿರಂಗನ ಬೆಟ್ಟದ ಕಾಡಿಗೆ 2011ರಲ್ಲಿ, ಅತ್ತ ಸತ್ಯಮಂಗಲದ ಕಾಡಿಗೆ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಬಂದುದು ಅವುಗಳಿಗೆ ಗೊತ್ತಿಲ್ಲ. ಕಬ್ಬಿನ ಲಾರಿ ಬರುವ ಹೊತ್ತು ಗೊತ್ತು. ತಡೆದು ನಿಲ್ಲಿಸಿ, ತಮ್ಮ ಪಾಲನ್ನು ಎಳೆದುಕೊಂಡು, ಪಕ್ಕಕ್ಕೆ ಸರಿಯುತ್ತವೆ.

ನೋಡಲು ಹೋದವನು ಊರನ್ನು ಏನನ್ನೂ ಬೇಡುವುದಿಲ್ಲ. ಆದುದರಿಂದ ಊರೂ ಅವನಿಗೆ ಏನನ್ನೂ ಹೇಳಬೇಕಾಗಿಲ್ಲ. ಒಂದು ಬೆಲ್ಟನ್ನು ಬೇಡುತ್ತ ಹೋದವನಿಗೆ ಮಾತ್ರ ಹತ್ತು ಮಂದಿ ಉತ್ತರ ಕೊಡಬೇಕಾಗುತ್ತದೆ. ಆ ಉತ್ತರಗಳ ನಡುವೆ ಎಲ್ಲಿಯೋ ಊರು ತನ್ನ ಮುಖವನ್ನು ತೋರಿಸಿಬಿಡುತ್ತದೆ. ಇದನ್ನು ನಾನು ಸಿದ್ಧಾಂತವಾಗಿ ಹೇಳುತ್ತಿಲ್ಲ. ಕಚೇರಿಯ ಜಗುಲಿಯಲ್ಲಿ ದಿನಗಟ್ಟಲೆ ಕಾದು, ಅರ್ಜಿ ತಿರಸ್ಕೃತವಾಗಿ, ಬರಿಗೈಯಲ್ಲಿ ಘಟ್ಟ ಹತ್ತಿದ ಕೊಳ್ಳೇಗಾಲದ ಆ ರೈತ ನನ್ನ ಮಾತನ್ನು ಕೇಳಿದ್ದರೆ, ಕಾರ್ಯವಿಲ್ಲದೆ ಊರು ನೋಡುವ ಭಾಗ್ಯ ತನಗೆ ಎಂದು ಬಂದೀತೆಂದು ನಿಟ್ಟುಸಿರಿಟ್ಟಿದ್ದಾನು. ಹೆಂಡತಿ ಮಕ್ಕಳೊಡನೆ ನಿಶ್ಚಿಂತೆಯಿಂದ ಗುಡಿ ಗೋಪುರ ನೋಡಿಬರುವ ಇಂದಿನ ಸೌಕರ್ಯ ಸಣ್ಣದಲ್ಲ. ಆ ಸೌಕರ್ಯಕ್ಕೆ ಒಂದು ಚಿಕ್ಕ ಕೆಲಸವನ್ನೂ ಜೋಡಿಸಿಕೊಂಡರೆ ನಷ್ಟವಿಲ್ಲ ಎಂಬುದಷ್ಟೇ ನನ್ನ ಅಭಿಪ್ರಾಯ.

ಆದುದರಿಂದ, ಮುಂದಿನ ರಜೆಗೆ ಕೊಯಮತ್ತೂರಿಗಾಗಲಿ ಬೆಂಗಳೂರಿಗಾಗಲಿ ಹೊರಡುವವರು ಪಟ್ಟಿಯನ್ನು ಮುಗಿಸುವ ಮುನ್ನ ಮನೆಯ ಹಿರಿಯರ ಬಳಿಗೆ ಹೋಗಿ, ಅಲ್ಲಿಂದ ಏನು ತರಲಿ ಎಂದು ಒಂದು ಮಾತು ಕೇಳಿ. ಅವರು ಹೇಳಿದುದನ್ನು ಭಾನುವಾರಕ್ಕೆ ಬಿಡದೆ ಶನಿವಾರವೇ ಹುಡುಕಿಕೊಳ್ಳಿ. ದಾರಿಯಲ್ಲಿ ಆನೆ ಕಂಡರೆ ಚಿತ್ರ ತೆಗೆಯಲೆಂದು ವಾಹನದಿಂದ ಇಳಿಯಬೇಡಿ, ತಿನ್ನಲು ಏನನ್ನೂ ಎಸೆಯಬೇಡಿ. ಹಿಂದಿರುಗುವಾಗ ರಾತ್ರಿ ಒಂಬತ್ತಕ್ಕೆ ಮುಂಚೆಯೇ ಘಟ್ಟದ ಕಾಡನ್ನು ದಾಟಿ ಪುಣಜನೂರಿನ ಈಚೆಗೆ ಬಂದುಬಿಡಿ.