ಗುಂಡಿಗೆ ಹಚ್ಚುವ ಜಿಡ್ಡು

ನನ್ನ ಅಜ್ಜನವರ ಬಳಿ ಒಂದು ಹಳೆಯ ಕೇಪಿನ ಕೋವಿಯಿದ್ದಿತು. ಮಲೆನಾಡಿನ ನಮ್ಮ ಗದ್ದೆಗೆ ಕಾಡುಹಂದಿಗಳು ಇಳಿದ ರಾತ್ರಿ ಅದು ಒಂದೆರಡು ಸಲ ಸದ್ದು ಮಾಡುತ್ತಿದ್ದಿತು. ಮರುದಿನ ಬೆಳಗ್ಗೆ ಅಜ್ಜನವರು ತಾವು ಸ್ನಾನ ಮಾಡುವುದಕ್ಕೆ ಮೊದಲು ಕೋವಿಗೆ ಸ್ನಾನ ಮಾಡಿಸುತ್ತಿದ್ದರು. ಹಂಡೆಯ ಕುದಿನೀರನ್ನು ನಳಿಗೆಯೊಳಕ್ಕೆ ಹುಯ್ದು, ಗಜಕ್ಕೆ ಬಟ್ಟೆ ಸುತ್ತಿ ತಿಕ್ಕಿದರೆ, ಕೊಳೆತ ಮೊಟ್ಟೆಯ ನಾತ ಬೀರುವ ಮಸಿನೀರು ಹೊರಗೆ ಬರುತ್ತಿದ್ದಿತು. ನೀರು ತಿಳಿಯಾಗುವವರೆಗೂ ಅವರು ಬಿಡುತ್ತಿರಲಿಲ್ಲ. "ಮದ್ದು ಸುಟ್ಟು ಹೋಗುವುದಕ್ಕಿಂತ ಉಳಿಯುವುದೇ ಹೆಚ್ಚು, ಮಗು" ಎನ್ನುತ್ತಿದ್ದರು. ಅದು ಮುದುಕರ ಮಾತೆಂದು ನಾನು ತಿಳಿದಿದ್ದೆ. ಅದು ರಸಾಯನಶಾಸ್ತ್ರವೆಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು.

ಕರಿಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಅನಿಲವಾಗುತ್ತದೆ. ಉಳಿದುದೆಲ್ಲ ಪೊಟ್ಯಾಸಿಯಂ ಲವಣಗಳ ಗಟ್ಟಿ ಶೇಷ. ಅದರಲ್ಲಿ ಒಂದಂಶ ಬಿಳಿಯ ಹೊಗೆಯಾಗಿ ಹಾರುತ್ತದೆ; ಇನ್ನೊಂದಂಶ ನಳಿಗೆಯ ಗೋಡೆಗೆ ಅಂಟಿ, ಒಣ ಹವೆಯಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಒಳಮೈ ನುಣುಪಾಗಿರುವ ಕೋವಿಯಲ್ಲಿ ಇದನ್ನು ಹೇಗೋ ಸಹಿಸಬಹುದು. ಆದರೆ ರೈಫಲಿನ ನಳಿಗೆಯಲ್ಲಿ ತಿರುಚಿದ ಗೆರೆಗಳಿವೆ. ಸೀಸದ ಗುಂಡು ಆ ಗೆರೆಗಳನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗಿದರೆ ಮಾತ್ರ ಗುರಿ ಮುಟ್ಟುತ್ತದೆ. ಗೆರೆಗಳು ಕಿಟ್ಟದಿಂದ ತುಂಬಿದರೆ ಹತ್ತಾರು ಗುಂಡುಗಳೊಳಗೇ ಕೈಯ ನೈಪುಣ್ಯವೆಲ್ಲ ವ್ಯರ್ಥ. ಆದುದರಿಂದಲೇ ಗುಂಡಿಗೆ ಜಿಡ್ಡು ಹಚ್ಚುವ ಪದ್ಧತಿ ಬಂದಿತು. ಆ ಜಿಡ್ಡು ಕಿಟ್ಟವನ್ನು ಮೆತ್ತಗಿರಿಸಬೇಕು. ಸೀಸವು ಉಕ್ಕಿಗೆ ಮೆತ್ತಿಕೊಳ್ಳದಂತೆ ತಡೆಯಬೇಕು. ಬಿಸಿಲಿಗೆ ಕರಗಿ ಮದ್ದಿಗೆ ಇಳಿಯಬಾರದು. ಹಳಸಿ ಹುಳಿಯಾಗಿ ಸೀಸವನ್ನು ತಿನ್ನಬಾರದು. ಇಷ್ಟು ಗುಣಗಳನ್ನು ಯಾವ ಕುಶಲಕರ್ಮಿಯೂ ಬೆರಳೆಣಿಸಿ ಹೇಳುತ್ತಾನೆ. ಆದರೆ ಇನ್ನೂ ಒಂದು ಗುಣವಿದೆ. ಅದನ್ನು ಮರೆತುದರ ಕಥೆಯನ್ನು ನಮ್ಮ ದೇಶವೇ ಕಂಡಿತು.

1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ತೋಟಾ ಕಾಗದದ್ದು. ಒಂದು ಕೊಳವೆಯಲ್ಲಿ ಮದ್ದು ಮತ್ತು ಗುಂಡು. ಗುಂಡಿರುವ ತುದಿಯ ಕಾಗದಕ್ಕೆ ಹೊರಗಿನಿಂದ ಜಿಡ್ಡು. ಸಿಪಾಯಿ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ಸುರಿದು, ಗುಂಡನ್ನು ಕಾಗದಸಮೇತ ಗಜದಿಂದ ಒಳಕ್ಕೆ ತಳ್ಳಬೇಕು. ಅದೇ 1853ರಲ್ಲಿ ಇಂಗ್ಲೆಂಡಿನಿಂದ ಜಿಡ್ಡು ಹಚ್ಚಿದ ತೋಟಾಗಳು ಇಲ್ಲಿಗೆ ಬಂದವು. ಉದ್ದೇಶ, ನಮ್ಮ ಸೆಕೆಯಲ್ಲಿ ಜಿಡ್ಡು ಹೇಗೆ ಉಳಿಯುತ್ತದೆಂಬ ಪರೀಕ್ಷೆ. ಸಿಪಾಯಿಗಳು ಅವನ್ನು ತಮ್ಮ ಚೀಲಗಳಲ್ಲಿ ಹೊತ್ತು ತಿರುಗಿದರು. ಬಂಗಾಳ ಸೈನ್ಯದ ಅಡ್ಜುಟೆಂಟ್ ಜನರಲ್ ಆಗಿದ್ದ ಕರ್ನಲ್ ಟಕ್ಕರ್ ಆ ವರ್ಷದ ಡಿಸೆಂಬರಿನಲ್ಲಿ ಒಂದು ಎಚ್ಚರಿಕೆಯ ಪತ್ರ ಬರೆದ: ಜಿಡ್ಡಿನಲ್ಲಿರುವ ಪದಾರ್ಥ ಜಾತಿಗೆ ಭಂಗ ತರುವಂಥದಲ್ಲವೆಂದು ಖಚಿತವಾಗುವವರೆಗೂ ಇವನ್ನು ದೇಶೀ ದಳಗಳಿಗೆ ಹಂಚಬಾರದೆಂಬುದು ಅದರ ತಾತ್ಪರ್ಯ. ಜಿಡ್ಡು ಸೆಕೆಗೆ ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರು. ಮನುಷ್ಯ ಅದನ್ನು ತಡೆಯುತ್ತಾನೆಯೇ ಎಂಬ ಪ್ರಶ್ನೆ ಕಡತದಲ್ಲಿ ಮಲಗಿತು.

1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್‌ನಲ್ಲಿ ಆ ಪ್ರಶ್ನೆ ಎದ್ದು ಕುಳಿತಿತು. ತೋಟಾಕ್ಕೆ ಹಸುವಿನ ಮತ್ತು ಹಂದಿಯ ಕೊಬ್ಬು ಸವರಿದೆಯೆಂಬ ಸುದ್ದಿ ಹಬ್ಬಿತು. ವಿಚಾರಣೆ ನಡೆದಾಗ ಹೊರಬಿದ್ದ ಸತ್ಯ ಸುದ್ದಿಗಿಂತ ಕೆಟ್ಟದ್ದಾಗಿದ್ದಿತು. ಗುತ್ತಿಗೆದಾರನು ಒದಗಿಸಿದ ಕೊಬ್ಬು ಯಾವ ಪ್ರಾಣಿಯದೆಂದು ಯಾರೂ ವಿಚಾರಿಸಿಯೇ ಇರಲಿಲ್ಲ! ಅದೇ ತಿಂಗಳ ಕೊನೆಯಲ್ಲಿ ಸರಕಾರ ದಾರಿಗೆ ಬಂದಿತು. ತೋಟಾಗಳನ್ನು ಜಿಡ್ಡಿಲ್ಲದೆಯೇ ಕೊಡುವುದು, ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಹಚ್ಚಿಕೊಳ್ಳುವುದು ಎಂದಾಯಿತು. ತುಪ್ಪ ಮತ್ತು ಜೇನುಮೇಣದ ಮಿಶ್ರಣ ತಯಾರಾಯಿತು. ಕಚ್ಚುವ ಬದಲು ಕೈಯಿಂದ ಹರಿಯಬಹುದೆಂಬ ಕ್ರಮವೂ ಬಂದಿತು. ಆದರೆ ಹೊತ್ತು ಮೀರಿದ್ದಿತು. ಈಗ ಸಂಶಯ ಕಾಗದದ ಹೊಳಪಿನ ಮೇಲೆಯೇ ಬಿದ್ದಿತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಸವಾರರಲ್ಲಿ 85 ಮಂದಿ ತೋಟಾ ಮುಟ್ಟಲು ನಿರಾಕರಿಸಿದರು. ಅಂದು ಅವರ ಮುಂದೆ ಹಿಡಿದಿದ್ದು ಹೊಸ ತೋಟಾವಲ್ಲ, ಕೊಬ್ಬು ಸೋಂಕದ ಹಳೆಯ ತೋಟಾ. ಮೇ 9ರಂದು ಅವರಿಗೆ ಬೇಡಿ ತೊಡಿಸಿದರು. 10ರಂದು ಮೀರತ್ತು ಹೊತ್ತಿತು.

ಆ ಮಹಾ ದಂಗೆಗೆ ಜಿಡ್ಡೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. 1856ರಲ್ಲಿ ಅವಧ್ ರಾಜ್ಯವನ್ನು ನುಂಗಿದ್ದು, ಭೂಮಿಯ ಕಂದಾಯ, ಸಂಬಳದ ಕೊರಗು, ಎಲ್ಲವೂ ಕೂಡಿ ಮದ್ದಿನಂತೆ ಒಣಗಿದ್ದವು. ಆದರೆ ಜಿಡ್ಡಿನ ವಿಷಯದಲ್ಲಿ ನನ್ನನ್ನು ಕಾಡುವ ಮಾತು ಬೇರೆ. ಕೇವಲ ಬಂದೂಕಿನ ದೃಷ್ಟಿಯಿಂದ ನೋಡಿದರೂ ಕೊಬ್ಬು ಒಳ್ಳೆಯ ಆಯ್ಕೆಯಾಗಿರಲಿಲ್ಲ. ನಮ್ಮ ಬೇಸಗೆಯಲ್ಲಿ ಅದು ಮೆತ್ತಗಾಗುತ್ತದೆ, ಕಾಗದಕ್ಕೆ ಇಳಿಯುತ್ತದೆ, ಹಳಸುತ್ತದೆ. ಜೇನುಮೇಣವು ಕರಗುವುದು ಸುಮಾರು 62 ಡಿಗ್ರಿ ಸೆಂಟಿಗ್ರೇಡಿಗೆ. ಅದು ಹಳಸದು, ಯಾರ ಮಡಿಯನ್ನೂ ಕೆಡಿಸದು. ನಮ್ಮ ಕಾಡುಗಳಲ್ಲಿ ಅದಕ್ಕೆ ಬರವೂ ಇರಲಿಲ್ಲ. ಸರಿಯಾದ ಉತ್ತರವೂ ಸಭ್ಯವಾದ ಉತ್ತರವೂ ಒಂದೇ ಆಗಿದ್ದಿತು.

ಮುಂದಿನ ಇತಿಹಾಸ ಇದನ್ನೇ ಸಮರ್ಥಿಸಿತು. 1866ರ ಸ್ನೈಡರ್ ರೈಫಲಿನ ಲೋಹದ ತೋಟಾದಲ್ಲಿ ಗುಂಡಿನ ಸುತ್ತಣ ಗಾಡಿಗಳಿಗೆ ತುಂಬಿದ್ದು ಜೇನುಮೇಣ. 1871ರ ಮಾರ್ಟಿನಿ-ಹೆನ್ರಿ ತೋಟಾದಲ್ಲಿ 85 ಗ್ರೇನ್ ಕರಿಮದ್ದಿನ ಮೇಲೆ, ಗುಂಡಿನ ಕೆಳಗೆ, ಜೇನುಮೇಣದ ಒಂದು ಬಿಲ್ಲೆ. ಅಮೆರಿಕದಲ್ಲಿ ಇಂದಿಗೂ ಹವ್ಯಾಸಕ್ಕಾಗಿ ಹಳೆಯ ಕರಿಮದ್ದಿನ ರೈಫಲುಗಳಿಂದ ಗುರಿ ಹೊಡೆಯುವವರಿದ್ದಾರೆ. ತಮ್ಮ ಜಿಡ್ಡನ್ನು ತಾವೇ ಕಾಯಿಸಿಕೊಳ್ಳುವವರು ಅವರಲ್ಲಿ ಹಲವರು. ಅದಕ್ಕೆ ಬಹುಮಟ್ಟಿಗೆ ಜೇನುಮೇಣವೇ ಮೂಲ. ಮೃದುತ್ವಕ್ಕೆ ಸಸ್ಯದ ಎಣ್ಣೆಯನ್ನೋ ಕೊಬ್ಬನ್ನೋ ಬೆರೆಸುತ್ತಾರೆ. ಕರಿಮದ್ದಿನೊಡನೆ ಸೇರಿದರೆ ಡಾಂಬರಿನಂತೆ ಗಟ್ಟಿಯಾಗುತ್ತದೆಂದು ಖನಿಜತೈಲವನ್ನು ದೂರವಿಡುತ್ತಾರೆ. ಗುಂಡು ಹಾರಿದ ಮೇಲೆ ನಳಿಗೆಯ ಬಾಯಲ್ಲಿ ನಕ್ಷತ್ರದಾಕಾರದ ಜಿಡ್ಡಿನ ಗುರುತು ಕಂಡರೆ ಜಿಡ್ಡು ಕೊನೆಯವರೆಗೂ ಸಾಕಾಯಿತೆಂದು ಅರ್ಥ. ಹವೆ ತೀರ ಒಣಗಿದ್ದರೆ, ಒಂದು ಕೊಳವೆಯ ಮೂಲಕ ತಮ್ಮ ಉಸಿರನ್ನೇ ನಳಿಗೆಯೊಳಕ್ಕೆ ಊದುತ್ತಾರೆ. ಉಸಿರಿನ ತೇವಕ್ಕೆ ಕಿಟ್ಟ ಮೆತ್ತಗಾಗುತ್ತದೆ.

ಉಪಕರಣವನ್ನು ರೂಪಿಸುವವರು ಉಷ್ಣವನ್ನು ಅಳೆಯುತ್ತಾರೆ, ದೂರವನ್ನು ಅಳೆಯುತ್ತಾರೆ. ಅದನ್ನು ಹಿಡಿಯುವ ಕೈ, ಕಚ್ಚುವ ಬಾಯಿ ಯಾರದೆಂದು ಕೇಳುವುದಕ್ಕೆ ಅಳತೆಗೋಲು ಬೇಡ; ಆದುದರಿಂದಲೇ ಅದು ಮರೆತು ಹೋಗುತ್ತದೆಯೋ ಏನೋ. ಗೊಬ್ಬರವಾಗಲಿ, ಔಷಧವಾಗಲಿ, ಒಲೆಯಾಗಲಿ, ಜನರ ಕೈಗೆ ಹೊಸದೊಂದನ್ನು ಕೊಡುವಾಗಲೆಲ್ಲ ನನಗೆ ಟಕ್ಕರನ ಆ ಪತ್ರ ನೆನಪಾಗುತ್ತದೆ.

ಅಜ್ಜನವರ ಕೋವಿಯನ್ನು ಕೊನೆಗೆ ಸರಕಾರಕ್ಕೆ ಒಪ್ಪಿಸಿದೆವು. ಅದರ ಜೊತೆಗಿದ್ದ ಚಿಕ್ಕ ತಗಡಿನ ಡಬ್ಬಿ ಮಾತ್ರ ನನ್ನಲ್ಲಿ ಉಳಿದಿದೆ. ಮುಚ್ಚಳ ತೆಗೆದರೆ ಈಗಲೂ ಸ್ವಲ್ಪ ಜೇನಿನ ವಾಸನೆ.

(ಬಾನುಲಿ ಭಾಷಣ)